ಹದಿನಾಲ್ಕನೇ ಗರಿಯ ಕಚ್ಚು

ಫೆಬ್ರವರಿ ೯, ಭಾನುವಾರ, ಬೆಳಿಗ್ಗೆ ೭.೪೦. ಚೇಳೂರಿನ ಹತ್ತಿರ ಅಜ್ಜಿಯ ತೆಂಗಿನ ತೋಟದಲ್ಲಿ ನಾನು ಗರಿ ಎಣಿಸಲು ಶುರುಮಾಡಿದ್ದು ಆಗ.

ಅದಕ್ಕೆ ಮೊದಲು ಎರಡು ವರ್ಷ ಎಣಿಸುತ್ತಿದ್ದದ್ದು ಬೇರೆ. ನಾನು ಕೆಲಸ ಮಾಡುವ ಅಂತರಸನಹಳ್ಳಿಯ ಕಾರ್ಖಾನೆಗೆ ರಜೆ ಇದ್ದ ದಿನ, ಹುಳದ ಪಳೆಯುಳಿಕೆ ಸಿಕ್ಕೀತೆಂದು ಕಲ್ಲು ನೋಡಲು ಹೋಗುತ್ತಿದ್ದೆ. ಊರ್ಡಿಗೆರೆ, ಗುಬ್ಬಿ, ಕುಣಿಗಲ್ ಕಡೆ ಒಟ್ಟು ಹನ್ನೊಂದು ಜಾಗ, ಸಿಕ್ಕಿದ್ದು ಸೊನ್ನೆ. ಆಮೇಲೆ ಓದಿ ತಿಳಿಯಿತು, ನಮ್ಮ ಸೀಮೆಯ ಬಂಡೆಗಳು ಹುಟ್ಟಿದಾಗ ಭೂಮಿಯ ಮೇಲೆ ಹುಳವೇ ಇರಲಿಲ್ಲ. ಮದುವೆಯೇ ಆಗದವರ ಮನೆಯಲ್ಲಿ ಮೊಮ್ಮಗುವನ್ನು ಹುಡುಕಿದ ಹಾಗಾಯಿತು.

ಅದೇ ಓದಿನಲ್ಲಿ ಇನ್ನೊಂದು ಸಂಗತಿ ಸಿಕ್ಕಿತು. ಬೇರೆ ಕಡೆ ಕಲ್ಲಿನಲ್ಲಿ ಉಳಿದ ಎಲೆಗಳ ಮೇಲೆ ಹುಳ ತಿಂದ ಗುರುತು ಇರುತ್ತದಂತೆ. ಹುಳ ಕರಗಿಹೋಗಿದೆ, ಕಚ್ಚಿದ್ದು ಉಳಿದಿದೆ. ಗಾಯದ ಅಂಚು ದಪ್ಪಗಾಗಿದ್ದರೆ, ಕಚ್ಚಿದಾಗ ಎಲೆಗೆ ಜೀವವಿತ್ತು, ಮಾಯಲು ಸಮಯವೂ ಸಿಕ್ಕಿತ್ತು ಎಂದರ್ಥ. ಕಚ್ಚಿದ ರೀತಿ ನೋಡಿಯೇ ಆ ಕಾಡಿನಲ್ಲಿ ಎಂಥ ಹುಳಗಳಿದ್ದವು, ಯಾವ ಗಿಡವನ್ನು ನೆಚ್ಚಿಕೊಂಡಿದ್ದವು ಎಂದು ಊಹಿಸುತ್ತಾರೆ.

ಅಜ್ಜಿಯ ಎಳೆ ತೆಂಗಿನ ಗರಿಗಳಲ್ಲೂ ಕಚ್ಚುಗಳಿದ್ದವು, ಕತ್ತರಿ ಹಾಕಿದ ಹಾಗೆ. ಅದು ಕೊಂಬಿನ ದುಂಬಿಯ ಕೆಲಸ. ಗರಿ ಸುಳಿಯೊಳಗೆ ಮಡಚಿಕೊಂಡಿರುವಾಗಲೇ ಅದು ಕೊರೆಯುತ್ತದೆ. ಮಡಚಿದ ಕಾಗದವನ್ನು ಒಂದು ಸಲ ಕತ್ತರಿಸಿ ಬಿಡಿಸಿದಂತೆ, ಗರಿ ಬಿಚ್ಚಿದಾಗ ಕಚ್ಚು ಎರಡೂ ಕಡೆ ಕಾಣುತ್ತದೆ. ದುಂಬಿ ಮೊಟ್ಟೆಯಿಟ್ಟು ಮರಿ ಮಾಡುವುದು ತಿಪ್ಪೆಯಲ್ಲಿ. ಪಕ್ಕದ ತೋಟದ ಅಕ್ಕ ಬೇಲಿಯ ಹತ್ತಿರ ಹೊಸ ತಿಪ್ಪೆ ಹಾಕಿದ್ದರು. ದುಂಬಿ ಅಲ್ಲಿಂದಲೇ ಬಂತೆಂದು ಅಜ್ಜಿ ಅವರೊಡನೆ ಮಾತು ಬಿಟ್ಟಿದ್ದಳು. ದಿನಾ ಸಂಜೆ ಒಟ್ಟಿಗೆ ಎಲೆ ಅಡಿಕೆ ಹಾಕುತ್ತಿದ್ದವರು. ಈಗ ಅವರ ಕೋಳಿ ಈಚೆ ಬಂದರೆ ಕಲ್ಲು ಬೀಳುತ್ತಿತ್ತು.

ಮಾತು ಮತ್ತೆ ಕೂಡಬೇಕಾದರೆ ಕಚ್ಚಿನ ತಾರೀಖು ಬೇಕಿತ್ತು: ಕಚ್ಚು ಮೊದಲೋ, ತಿಪ್ಪೆ ಮೊದಲೋ. ತೆಂಗು ಸುಮಾರು ತಿಂಗಳಿಗೊಂದು ಗರಿ ಬಿಡುತ್ತದೆ. ಗರಿ ಎಣಿಸಿದರೆ ತಿಂಗಳು ಎಣಿಸಿದಂತೆ. ನಾನು ಕೆಳಗಿನಿಂದ ಎಣಿಸುತ್ತಿದ್ದುದನ್ನು ಕಂಡು ಅಜ್ಜಿ ನಕ್ಕಳು.

"ಅಯ್ಯೋ, ಕೆಳಗಿನ್ ಗರಿ ಎಲ್ಲಾ ಚಪ್ಪರಕ್ಕೆ ಕಡ್ದು ಕೊಟ್ಟಿಲ್ವೇನೇ? ಸುಳಿಯಿಂದ ಎಣಿಸು. ಫ್ಯಾಕ್ಟ್ರೀಲಿ ಅದೇನ್ ಎಣಿಸ್ತೀಯೋ ಕಾಣೆ!"

ಬರೆದ ಪುಟಕ್ಕೆ ಗೀಟು ಹಾಕಿ ಏಣಿ ಹತ್ತಿದೆ. ಆರು ಮರಗಳಲ್ಲಿ ನಾಲ್ಕಕ್ಕೆ ಕಚ್ಚು. ಎಲ್ಲಕ್ಕಿಂತ ಹಳೆಯದು ಸುಳಿಯಿಂದ ಹದಿನಾಲ್ಕನೇ ಗರಿಯಲ್ಲಿ. ಅಂದರೆ ವರ್ಷಕ್ಕೂ ಹಿಂದಿನದು. ತಿಪ್ಪೆ ಹಾಕಿದ ದಿನ ನನ್ನ ಡೈರಿಯಲ್ಲಿತ್ತು: ನವೆಂಬರ್ ೧೭. ಮೂರು ತಿಂಗಳೂ ಆಗಿರಲಿಲ್ಲ.

"ಹಂಗಾದ್ರೆ ಎಲ್ಲಿಂದ್ ಬಂತೇ ಅದು?" ಅಂದಳು ಅಜ್ಜಿ.

ಕೊಳೆತ ತೆಂಗಿನ ದಿಮ್ಮಿಯೂ ಆ ದುಂಬಿಗೆ ಆಗುತ್ತದೆ. ನಮ್ಮ ಪಂಪ್ ಮನೆಯ ಹಿಂದೆ ಅಂಥದೊಂದು ಬಿದ್ದಿತ್ತು. ಅಜ್ಜಿ ಅದರ ಮೇಲೆ ಕೂತೇ ತಿಪ್ಪೆಯನ್ನು ಬೈಯುತ್ತಿದ್ದದ್ದು. ಗುದ್ದಲಿಯಿಂದ ಸೀಳಿದೆ. ಒಳಗೆ ಬೆರಳುದ್ದದ ಬಿಳಿ ಗೊಣ್ಣೆ ಹುಳಗಳು, ಅದೇ ದುಂಬಿಯ ಮರಿಗಳು. ಎಣಿಸಿದೆ: ೨೩.

ಅಜ್ಜಿ ಬಗ್ಗಿ ಒಂದು ಹುಳವನ್ನು ಕಡ್ಡಿಯಿಂದ ಹೊರಳಿಸಿದಳು. ಆಮೇಲೆ ಬೇಲಿಯತ್ತ ತಿರುಗಿ ಕೂಗಿದಳು: "ಏನೇ, ನಿನ್ ಕೋಳಿ ಬುಡೇ ಈ ಕಡೆಗೆ! ಗೊಣ್ಣೆ ಹುಳ ಐತೆ."

ಆಚೆಯಿಂದ ಅಕ್ಕನ ದನಿ ಬಂತು: "ಕಲ್ಲೂ ಐತಾ, ದೊಡ್ಡಮ್ಮ?"

"ಐತೆ, ಕೂತ್ಕೊಳಕ್ಕೆ. ದಿಮ್ಮಿ ಹೋಯ್ತಲ್ಲ. ಎಲೆ ಅಡ್ಕೆ ತಗೊಂಡ್ ಬಾ."

೧೦.೨೫ಕ್ಕೆ ನಾಲ್ಕು ಕೋಳಿ ಬಂದವು, ಹಿಂದೆಯೇ ಅಕ್ಕ.

ನನ್ನ ಲೆಕ್ಕದಲ್ಲಿ ಎರಡು ಅನುಮಾನ ಉಳಿದಿವೆ. ಬೇಸಿಗೆಯಲ್ಲಿ ನೀರು ಸಾಲದಿದ್ದರೆ ಗರಿ ಬಿಡುವುದು ತಡವಾಗುತ್ತದೆಯೇ? ಸುಳಿಯಲ್ಲಿ ಮಡಚಿಕೊಂಡಿದ್ದಾಗಲೇ ಕಚ್ಚಿಸಿಕೊಂಡ ಎಲೆ ಎಲ್ಲಾದರೂ ಕಲ್ಲಿನಲ್ಲಿ ಸಿಕ್ಕಿದೆಯೇ? ಗೊತ್ತಿರುವವರು ನಾಲ್ಕು ಸಾಲು ಬರೆಯಿರಿ. ಕಂಡ ದಿನವನ್ನೂ ಹಾಕಿದರೆ ಒಳ್ಳೆಯದು.