ಒಳಗೆ ಮಡಚಿಟ್ಟ ಬಟ್ಟೆ

ದರ್ಜಿ ಸತ್ತ ಮೇಲೆ ಅವನ ಹೆಂಡತಿ ಅಂಗಡಿಯ ಷಟರನ್ನು ಅರ್ಧಕ್ಕಿಂತ ಮೇಲೆ ಎತ್ತಲಿಲ್ಲ. ಎದುರಿಗೇ ಯೂನಿವರ್ಸಿಟಿ. ಹೊರದೇಶಗಳಿಂದ ಓದಲು ಬಂದ ಮಕ್ಕಳೇ ಗಿರಾಕಿಗಳು. ಬಗ್ಗಿ ನೋಡಿ, ಕತ್ತಲೆ ಕಂಡು ಹೋಗುತ್ತಿದ್ದರು.

ಅವನಿದ್ದಾಗ ಅವನು ಕತ್ತರಿಸುತ್ತಿದ್ದ, ಇವಳು ಹೊಲಿಯುತ್ತಿದ್ದಳು. ಇವಳು ಬಟ್ಟೆಗೆ ಕತ್ತರಿ ಇಟ್ಟವಳೇ ಅಲ್ಲ. ತಪ್ಪಿ ಹೊಲಿದರೆ ಬಿಚ್ಚಬಹುದು. ತಪ್ಪಿ ಕತ್ತರಿಸಿದರೆ ಮುಗಿಯಿತು.

ಆ ಮಕ್ಕಳ ಬಟ್ಟೆಗೆ ಅವನು ಒಳಮಡಿಕೆಯಲ್ಲಿ ಎರಡು ಬೆರಳಗಲ ಬಟ್ಟೆ ಹೆಚ್ಚಿಗೆ ಬಿಡುತ್ತಿದ್ದ. ಅದಕ್ಕೇ ದಿನಾ ಜಗಳ.

“ಯಾಕ್ರೀ ಬಟ್ಟೆ ದಂಡ ಮಾಡ್ತೀರಿ?”

“ಬರೋವಾಗ ಹಂಚಿಕಡ್ಡಿ ಕಣೇ, ಹೋಗೋವಾಗ ಕಂಬ. ನೀನೂ ಮದುವೇಲಿ ಹಂಚಿಕಡ್ಡೀನೇ ಆಗಿದ್ದೆ.”

ಈಗ ಜಗಳಕ್ಕೂ ಜನವಿಲ್ಲ.

ಅವತ್ತು ನಾದಿನಿ ಬಂದು ಕೂತಿದ್ದಳು. “ಅತ್ತಿಗೆ, ಮಿಷಿನ್ ತುಕ್ಕು ಹಿಡಿಸ್ಬೇಡಿ. ಕೊಳ್ಳೋರು ಈಗ ಬರ್ತಾರೆ. ಕತ್ತರಿಸೋರಿಲ್ದೆ ಏನು ಹೊಲೀತೀರಿ, ಗಾಳೀನಾ?”

ಅವಳು ಹೂಂ ಅಂದಳು.

ಆಗಲೇ ಷಟರ್ ಕೆಳಗಿಂದ ಒಬ್ಬ ಹುಡುಗಿ ನುಸುಳಿ ಬಂದಳು. ಹೊರದೇಶದವಳು. ಕೈಯಲ್ಲಿ ಹಳೇ ಕೋಟು, ಒಂದು ತುಂಡು ಹೊಸ ಬಟ್ಟೆ.

“ಅಕ್ಕನ ಕೋಟು. ಅಕ್ಕ ಇಲ್ಲೇ ಓದಿದ್ದು.” ನಮ್ಮ ಮಾತು ಅವಳ ಬಾಯಲ್ಲಿ ಇನ್ನೂ ಹಸಿ. “ದರ್ಜಿ ಎಲ್ಲಿ?”

“ಸತ್ತರು.”

ದರ್ಜಿಯ ಹೆಂಡತಿ ಕೋಟನ್ನು ತೆಗೆದುಕೊಂಡು ಗುಂಡಿಯ ಕಾಜಾ ಸವರಿದಳು. ತನ್ನದೇ ಕೈಕೆಲಸ.

ನಾದಿನಿಗೆ ಬಾಯಿ ಸುಮ್ಮನಿರದು. “ನೀನೂ ಇಲ್ಲಿಗೇ ಬಂದ್ಯಾ? ಬೇರೆ ದೇಶ ಸಿಗ್ಲಿಲ್ವೇನಮ್ಮಾ?”

“ಸಿಕ್ಕಿತ್ತು. ದೊಡ್ಡ ಕಾಲೇಜು. ಅಮ್ಮ ಬೇಡ ಅಂದ್ರು.”

“ಯಾಕೆ?”

“ನಮ್ಮೂರಿನ ದರ್ಜಿ ಈ ಕೋಟು ಬಿಚ್ಚಿ ನಕ್ಕ. ಹೊಲಿದವನಿಗೆ ಕೆಲಸ ಬರಲ್ಲ, ಒಳಗೆ ಇಷ್ಟು ಬಟ್ಟೆ ಬಿಟ್ಟಿದಾನೆ, ಕತ್ತರಿಸಲಾ ಅಂದ. ಅಮ್ಮ ಕಿತ್ಕೊಂಡ್ರು. ಪರದೇಶದ ಹುಡುಗಿ ಮೈ ತುಂಬ್ಕೊಳ್ಳಲಿ ಅಂತ ಜಾಗ ಬಿಟ್ಟಿದಾರೆ, ಅಂಥಾ ದೇಶಕ್ಕೆ ಮಗಳನ್ನ ಕಣ್ಮುಚ್ಕೊಂಡು ಕಳಿಸ್ಬಹುದು ಅಂದ್ರು.” ಹೊಸ ಬಟ್ಟೆ ಮುಂದಿಟ್ಟಳು. “ಕೋಟು ಹೊಲಿದವರ ಹತ್ರಾನೇ ಹೊಲಿಸ್ಕೋ ಅಂತ ಕೊಟ್ಟಿದ್ರು.” ಆಮೇಲೆ ಮೆಲ್ಲಗೆ, “ವಾಪಸ್ ತಗೊಂಡು ಹೋಗ್ಲಾ?” ಅಂದಳು.

ಇವಳು ಬಟ್ಟೆ ವಾಪಸ್ ಕೊಡಲಿಲ್ಲ. ಹಲಗೆಯ ಮೇಲೆ ಹರಡಿ, ಅಕ್ಕನ ಕೋಟನ್ನು ಅದರ ಮೇಲಿಟ್ಟಳು. ಬೆಳಕು ಸಾಲಲಿಲ್ಲ. ಹೋಗಿ ಷಟರನ್ನು ಪೂರ್ತಿ ಎತ್ತಿದಳು. ಮೊಳೆಯಲ್ಲಿ ನೇತಾಡುತ್ತಿದ್ದ ಅವನ ಕತ್ತರಿ ಇಳಿಸಿದಳು. ಭಾರವಿತ್ತು.

“ಅತ್ತಿಗೆ, ಮಿಷಿನ್ ಕೊಳ್ಳೋರು ಬಂದ್ರು.”

“ಮಿಷಿನ್‌ಗೆ ಕೆಲಸ ಇದೆ ಅಂತ ಹೇಳು.”

ಸೀಮೆಸುಣ್ಣದಲ್ಲಿ ಗೆರೆ ಎಳೆದು, ಅದರಾಚೆ ಎರಡು ಬೆರಳಿಟ್ಟಳು. ಅವನ ಬೆರಳು ದಪ್ಪ, ತನ್ನವು ಸಣ್ಣ. ಇನ್ನೊಂದು ಸೇರಿಸಿ ಮೂರಿಟ್ಟಳು.

ನಾದಿನಿ ಕತ್ತು ಚಾಚಿದಳು. “ಅಷ್ಟೊಂದಾ? ಬಟ್ಟೆ ದಂಡ ಅತ್ತಿಗೆ!”

“ಬೆಳೆಯೋ ಹುಡುಗಿ ಕಣೇ, ಸುಮ್ನಿರು,” ಅಂದು ಅವಳು ಬಟ್ಟೆಗೆ ಕತ್ತರಿ ಇಟ್ಟಳು.