ಬಾಗಿಲಲ್ಲಿ ಕೂತು ಬರೆದ ಅಂಚುಗಳು

ಅತ್ತೆಗೆ ಲಕ್ವ ಹೊಡೆದು ಬಲಗೈ ಬಲಗಾಲು ಬಿದ್ದುಹೋದ ಮೇಲೆ ನಾನು ಚಳ್ಳಕೆರೆಯಲ್ಲಿದ್ದರೂ ಚಳ್ಳಕೆರೆಯನ್ನು ನೋಡಿದ್ದು ಕಡಿಮೆ. ಹಾಲು ತರಲು ಹತ್ತು ನಿಮಿಷ, ಮಾತ್ರೆ ತರಲು ಕಾಲು ಗಂಟೆ, ಅಷ್ಟೇ ನನ್ನ ತಿರುಗಾಟ. ಗಂಡ ಎಣ್ಣೆ ಮಿಲ್ಲಿಗೆ ಹೋದರೆ ಬರುವುದು ಸಂಜೆ ಕಳೆದ ಮೇಲೆ. ಮನೆಯಲ್ಲಿ ನಾನು, ಅತ್ತೆ, ಅವರ ಮಂಚ. ಎರಡು ವರ್ಷ ಹೀಗೇ ನಡೆಯಿತು. ಓಣಿಯ ಹೆಂಗಸರು ಬಂದು, “ಪುಣ್ಯದ ಕೆಲ್ಸ ಮಾಡ್ತಾ ಇದೀಯ ಕಣವ್ವ” ಎಂದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಆ ಪುಣ್ಯ ನೀವೇ ಇಟ್ಟುಕೊಳ್ಳಿ ತಾಯಿ, ನನಗೆ ಒಂದೇ ಒಂದು ಮಧ್ಯಾಹ್ನ ಕೊಡಿ ಎನ್ನಬೇಕೆನಿಸುತ್ತಿತ್ತು. ಎನ್ನಲಿಲ್ಲ. ಚಹಾ ಮಾಡಿಕೊಟ್ಟು ಕಳಿಸುತ್ತಿದ್ದೆ.

ನಾನು ಹುಟ್ಟಿದ್ದು ಮೊಳಕಾಲ್ಮುರಿನ ನೇಕಾರರ ಮನೆಯಲ್ಲಿ. ಮಗ್ಗಕ್ಕೆ ಕೂರುವುದಕ್ಕಿಂತ ಚೌಕದ ಹಾಳೆಯ ಮೇಲೆ ಸೀರೆಯ ಅಂಚು ಬರೆಯುವುದು ನನಗೆ ಚೆನ್ನಾಗಿ ಬರುತ್ತಿತ್ತು. ಒಂದೊಂದು ಚೌಕ ಒಂದೊಂದು ಎಳೆ. ನಾನು ಬರೆದಂತೆ ನನ್ನ ತಮ್ಮ ರಟ್ಟಿನ ಕಾರ್ಡುಗಳಿಗೆ ತೂತು ಹೊಡೆದು ಮಗ್ಗದ ಮೇಲೆ ಏರಿಸುತ್ತಾನೆ, ಆಮೇಲೆ ರೇಷ್ಮೆಯಲ್ಲಿ ಅದೇ ಮೂಡುತ್ತದೆ. ಮದುವೆಯಾಗಿ ಚಳ್ಳಕೆರೆಗೆ ಬಂದ ಮೇಲೂ ಈ ಕೆಲಸ ಬಿಡಲಿಲ್ಲ. ಬರೆದು, ಫೋನಿನಲ್ಲಿ ಫೋಟೋ ಹೊಡೆದು ಕಳಿಸುತ್ತಿದ್ದೆ. ಈ ಮನೆಯಲ್ಲಿ ಪಾತ್ರೆ ಪಡಗ ಎಲ್ಲವೂ ಎಲ್ಲರದ್ದು, ಹಾಳೆ ಮತ್ತು ಪೆನ್ಸಿಲ್ ಮಾತ್ರ ನನ್ನವು.

ಆ ವರ್ಷ ಗಣೇಶನ ಹಬ್ಬ ಮುಗಿದ ವಾರದಲ್ಲಿ ಮಗ್ಗಗಳ ಯಜಮಾನರು ಫೋನ್ ಮಾಡಿದರು. ತಮ್ಮ ನೇಯುವುದು ಅವರ ಮಗ್ಗದಲ್ಲೇ.

“ನೋಡಮ್ಮ ತಂಗಿ, ಅದೇ ಮಾವು, ಅದೇ ನವಿಲು, ಅದೇ ರುದ್ರಾಕ್ಷಿ. ಗಿರಾಕಿಗಳಿಗೆ ನೋಡಿ ನೋಡಿ ಸಾಕಾಗೈತೆ. ನಾಕು ಊರು ತಿರುಗಾಡ್ಕೊಂಡು ಬಾ, ಏನಾರ ಹೊಸಾದು ಹೊಳೀತೈತೆ. ದೀಪಾವಳಿಯೊಳಗೆ ಮೂರು ಅಂಚು ಕೊಡು. ಇಲ್ಲಾಂದ್ರೆ ಕಂಪ್ಯೂಟರ್‌ನಾಗೆ ಬರಿಯೋನು ಒಬ್ಬ ಸಿಕ್ಕವ್ನೆ, ಅವ್ನಿಗೇ ಕೊಡ್ತೀನಿ. ಬ್ಯಾಸ್ರ ಮಾಡ್ಕಾಬ್ಯಾಡ.”

ನಾಕು ಊರು! ನನಗೆ ನಾಕು ಓಣಿ ದಾಟುವ ಯೋಗ ಇರಲಿಲ್ಲ. ಫೋನಿಟ್ಟು ಅಡುಗೆಮನೆಗೆ ಹೋಗಿ ಚೆನ್ನಾಗಿ ಅತ್ತುಬಿಟ್ಟೆ. ಅಳು ಮುಗಿಯುವ ಮುಂಚೆಯೇ ಅತ್ತೆ ನೀರು ಬೇಕೆಂದು ಕೂಗಿದರು.

ಅತ್ತೆಗೆ ಇಬ್ಬರು ಗಂಡುಮಕ್ಕಳು. ಆರು ತಿಂಗಳು ನಮ್ಮಲ್ಲಿ, ಆರು ತಿಂಗಳು ಪರಶುರಾಂಪುರದ ಭಾವನವರಲ್ಲಿ ಎಂದು ಹಿರಿಯರ ಮುಂದೆ ಮಾತಾಗಿತ್ತು. ಭಾವನವರು ಮೊದಲ ಆರು ತಿಂಗಳಿಗೆ ಬಿತ್ತನೆ ಎಂದರು, ಎರಡನೆಯ ಸಲ ಮನೆ ರಿಪೇರಿ ಎಂದರು, ಮೂರನೆಯ ಸಲ ಫೋನೇ ಎತ್ತಲಿಲ್ಲ. ನಾನು ಗಂಡನ ಜೊತೆ ಜಗಳವಾಡುತ್ತಿದ್ದೆ. “ಎಲ್ಲಿಗ್ ಕಳಿಸ್ಲಿ ಹೇಳು” ಎಂದು ಅವರು ತಟ್ಟೆ ಬಿಟ್ಟು ಏಳುತ್ತಿದ್ದರು. ಆ ಮಾತೆಲ್ಲ ಪಕ್ಕದ ಮಂಚದ ಮೇಲಿದ್ದವರಿಗೆ ಕೇಳಿಸುತ್ತಿತ್ತು. ಕೇಳಿಸಲಿ ಎಂದೇ ನಾನು ದನಿ ಏರಿಸುತ್ತಿದ್ದೆ, ಸುಳ್ಳೇಕೆ ಹೇಳಲಿ.

ದಿನಾ ಸಂಜೆ ಅತ್ತೆಯನ್ನು ಎತ್ತಿ ತಂದು ಬಾಗಿಲಲ್ಲಿ ಕುರ್ಚಿಯ ಮೇಲೆ ಕೂರಿಸಬೇಕು. ಅವರಿಗೆ ಟಿವಿ ಬೇಡ. ಲಕ್ವ ಕೈಕಾಲಿಗೆ, ಅರ್ಧ ಮುಖಕ್ಕೆ ಹೊಡೆದಿತ್ತೇ ಹೊರತು ಮಾತಿಗಲ್ಲ. ಬೀದಿಯಲ್ಲಿ ಹೋದವರು ಯಾರೂ ಅವರ ಬಾಯಿಂದ ತಪ್ಪಿಸಿಕೊಂಡವರಿಲ್ಲ. “ಆ ಗಾಡಿಯೋನ್ನ ನೋಡು, ಹೆಲ್ಮೆಟ್ಟು ತಲೆಗಿಲ್ಲ, ಮೊಣಕೈಗೆ ಹಾಕ್ಕಂಡವ್ನೆ. ಬಿದ್ರೆ ಮೊಣಕೈ ಉಳೀತೈತೆ ಬಿಡು.” “ಆ ಹುಡುಗಿ ನೆನ್ನೆನೂ ಹಿಂಗೇ ನಕ್ಕಂಡ್ ಹೋದ್ಲು. ಕಿವ್ಯಾಗೆ ಏನೋ ಸಿಗಿಸ್ಕಂಡವ್ಳೆ, ಅದ್ರಾಗೆ ಯಾವನೋ ಮಾತಾಡ್ತಾನೆ.” ನಾನು ಹೊಸಿಲ ಮೇಲೆ ಹಾಳೆ ಹಿಡಿದು ಕೂತು ಹಲ್ಲು ಕಚ್ಚಿಕೊಂಡು ಕೇಳುತ್ತಿದ್ದೆ. ಮಾವಿಗೆ ಇನ್ನೊಂದು ಸುರುಳಿ ಹಾಕುತ್ತಿದ್ದೆ, ಅಳಿಸುತ್ತಿದ್ದೆ.

ಒಂದು ಸಂಜೆ ಕುರಿ ಹಿಂಡೊಂದು ನಮ್ಮ ಬೀದಿಯಲ್ಲೇ ಹಾದುಹೋಯಿತು. ದಿನವೂ ಹೋಗುವಂಥದ್ದೇ. ಬೇರೇನೂ ಹೊಳೆಯದೆ ಸಿಟ್ಟಿನಲ್ಲಿ ಅದನ್ನೇ ಹಾಳೆಯ ಮೇಲೆ ಬರೆದೆ, ಒಂದರ ಹಿಂದೆ ಒಂದು ಕುರಿ, ಎಲ್ಲವೂ ತಲೆ ಬಗ್ಗಿಸಿಕೊಂಡು. ಅತ್ತೆ ಕತ್ತು ಚಾಚಿ ನೋಡಿದರು.

“ಮುಂದೆ ಆಡು ಎಲ್ಲೈತೆ?”

“ಯಾವ ಆಡು ಅತ್ತೆ? ಇವು ಕುರಿ.”

“ಕುರಿ ತಾವಾಗೇ ಡಾಂಬರ್ ರೋಡ್ ದಾಟ್ತಾವೇನೇ? ಒಂದು ನಿಂತ್ರೆ ಎಲ್ಲಾ ನಿಂತ್ಕಂತಾವೆ. ಅದಕ್ಕೇ ಹಿಂಡಿನಾಗೆ ಒಂದೋ ಎರಡೋ ಆಡು ಬಿಟ್ಟಿರ್ತಾರೆ. ಅದು ನುಗ್ತೈತೆ, ಇವು ಹಿಂದೆ ಹೋಗ್ತಾವೆ. ನಮ್ಮಪ್ಪ ಆಡಿಲ್ದೆ ಹಿಂಡು ಹೊಡೀತಿರ್ಲಿಲ್ಲ. ಮಗ್ಗದ ಮನೆಯೋಳು ನೀನು, ನಿಂಗೆ ನಾಕು ಕಾಲಿದ್ದದ್ದೆಲ್ಲ ಒಂದೇ.”

ಮರುದಿನ ಹಿಂಡು ಬಂದಾಗ ಎದ್ದು ನಿಂತು ನೋಡಿದೆ. ಹೌದು, ಮುಂದೆ ಒಂದು ಕಂದು ಆಡು, ತಲೆ ಎತ್ತಿಕೊಂಡು, ಬೀದಿಯೇ ತನ್ನದೆನ್ನುವ ಧಿಮಾಕಿನಲ್ಲಿ ಬರುತ್ತಿತ್ತು. ಹದಿನೆಂಟು ವರ್ಷ ಈ ಬಾಗಿಲಲ್ಲಿ ರಂಗೋಲಿ ಹಾಕಿದ್ದೇನೆ, ಒಂದು ದಿನವೂ ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ನಾಚಿಕೆಯಾಯಿತು. ಒಂಬತ್ತು ಕುರಿಗೆ ಒಂದು ಆಡಿನಂತೆ ಅಂಚು ತಿದ್ದಿದೆ. ಬರೆಯುತ್ತಾ ಬರೆಯುತ್ತಾ ಹೊತ್ತು ಹೋದದ್ದೇ ಗೊತ್ತಾಗಲಿಲ್ಲ. ಎಷ್ಟೋ ತಿಂಗಳಾಗಿತ್ತು ಹಾಗಾಗಿ.

ಹಾಳೆಯ ಯಾವ ಬದಿ ಉಟ್ಟಾಗ ಕೆಳಗೆ ಬರುವ ಸೀರೆಯ ತುದಿ ಎಂದು ತಿಳಿಯಲು ನಾವು ಅಲ್ಲೊಂದು ಕೆಂಪು ಗೆರೆ ಎಳೆಯುತ್ತೇವೆ. ಅದನ್ನು ಎಳೆಯುವ ಹೊತ್ತಿಗೆ ಸರಿಯಾಗಿ ಅತ್ತೆ ಬಚ್ಚಲಿಗೆ ಕರೆದರು. ಹೋಗಿ ಬಂದು, ಗೆರೆ ಎಳೆದಿದ್ದೇನೆ ಎಂದುಕೊಂಡು ಫೋಟೋ ಕಳಿಸಿದೆ. ರುದ್ರಾಕ್ಷಿಯ ಸಾಲಿಗಾದರೆ ಗೆರೆ ಇದ್ದರೇನು ಬಿಟ್ಟರೇನು, ಅದಕ್ಕೆ ತಲೆಯೂ ಇಲ್ಲ ಕಾಲೂ ಇಲ್ಲ. ಕುರಿಗೆ ಎರಡೂ ಇದೆ. ಮಗ್ಗದಲ್ಲಿ ಕೂತ ತಮ್ಮನಿಗೆ ಅಂಚು ಅಡ್ಡ ಮಲಗಿಯೇ ಕಾಣುವುದು, ಕಾಲು ಯಾವ ಕಡೆಗಿರಬೇಕೆಂದು ಅವನೂ ಯೋಚಿಸಲಿಲ್ಲ. ಒಂದು ಗೇಣು ಮಾದರಿ ನೇಯ್ದು ಮಗ್ಗದಿಂದ ಬಿಚ್ಚಿ ಹೆಂಡತಿಯ ಸೊಂಟಕ್ಕೆ ಹಿಡಿದು ನೋಡಿದ್ದಾನೆ. ಫೋನ್ ಬಂತು.

“ಏಮಕ್ಕಾ ಇದು! ಕುರಿ ಎಲ್ಲಾ ಕಾಲು ಮ್ಯಾಕೆ ಮಾಡ್ಕೊಂಡು ತ್ಯಾಲಾಡ್ತಾವಲ್ಲ!”

ಮಾದರಿಯ ಫೋಟೋ ನೋಡಿ ನನಗೆ ತಲೆ ಕೆಟ್ಟುಹೋಯಿತು. ತಿರುಗಿ ಅತ್ತೆಯ ಮೇಲೆ ಹಾರಾಡಿದೆ. ನೀವು ಆ ಹೊತ್ತಿಗೇ ಕೂಗಬೇಕಿತ್ತಾ, ಒಂದು ಗೆರೆ ಎಳೆಯುವಷ್ಟು ಬಿಡುವು ಈ ಮನೆಯಲ್ಲಿ ನನಗಿಲ್ಲವಾ ಎಂದು ಬಾಯಿಗೆ ಬಂದದ್ದೆಲ್ಲ ಅಂದೆ. ಅತ್ತೆ ಎಡಗೈ ಚಾಚಿ ಫೋನು ಇಸಿದುಕೊಂಡು ಬಹಳ ಹೊತ್ತು ನೋಡಿದರು.

“ಪಾಪ,” ಎಂದರು ಕೊನೆಗೆ, “ಆಡೂ ಬಿದ್ದೋಗೈತೆ.”

ನನಗೆ ನಗು ತಡೆಯಲಾಗಲಿಲ್ಲ. ಅವರಿಗೂ ಅಷ್ಟೇ. ಲಕ್ವ ಹೊಡೆದ ಮುಖ ಒಂದೇ ಕಡೆಗೆ ನಗುತ್ತದೆ, ಅದನ್ನು ನೋಡಿ ನನಗೆ ಇನ್ನಷ್ಟು ನಗು. ಇಬ್ಬರೂ ಕಣ್ಣಲ್ಲಿ ನೀರು ಬರುವವರೆಗೆ ನಕ್ಕೆವು. ಅವರು ಈ ಮನೆಯ ಅತ್ತೆಯಾಗಿ, ನಾನು ಸೊಸೆಯಾಗಿ ಹೀಗೆ ಒಟ್ಟಿಗೆ ನಕ್ಕದ್ದು ಅದೇ ಮೊದಲು.

ಕುರಿಗಳನ್ನು ತಮ್ಮ ನೆಟ್ಟಗೆ ನಿಲ್ಲಿಸಿದ. ಯಜಮಾನರು ಒಪ್ಪಿದರು. “ಎಲ್ಲಿಗೋಗಿ ನೋಡ್ಕಂಡ್ ಬಂದ್ಯಮ್ಮ ಇದನ್ನ?” ಎಂದು ಕೇಳಿದರು. ಎಲ್ಲಿಗೂ ಇಲ್ಲ ಎಂದರೆ ಬೆಲೆ ಕಮ್ಮಿಯಾದೀತೆಂದು ಸುಮ್ಮನಿದ್ದೆ.

ಎರಡನೆಯದೂ ಬಾಗಿಲಲ್ಲೇ ಸಿಕ್ಕಿತು. ಶೇಂಗಾ ಕೀಳುವ ಕಾಲ. ಎದುರು ಮನೆಯವರು ಹೊಲದಿಂದ ಗಿಡ ತಂದು ಅಂಗಳದಲ್ಲಿ ಒಟ್ಟಿದ್ದರು, ಹೆಂಗಸರು ಕೂತು ಕಾಯಿ ಬಿಡಿಸುತ್ತಿದ್ದರು. ಅತ್ತೆ ಅಲ್ಲಿಂದ ಒಂದು ಗಿಡ ತರಿಸಿಕೊಂಡು ಬುಡ ಮೇಲೆ ಮಾಡಿ ಹಿಡಿದರು. “ನೋಡು, ಒಂದು ಬೀಜದ್ದು ಗುಂಡಗೈತೆ. ಎರಡು ಬೀಜದ್ದಕ್ಕೆ ಸೊಂಟ ಐತೆ. ಮೂರು ಬೀಜದ್ದು ಬಸುರಿ ಹಂಗೆ ಬಾಗ್ತೈತೆ. ನಿನ್ನ ಮಾವಿನಕಾಯಿಗಿಂತ ಚೆಂದ ಇಲ್ಲೇನು?” ಅಂಚಿನ ತುಂಬ ಶೇಂಗಾ ತೂಗುಬಿಟ್ಟೆ. ಈ ಸಲ ಕೆಂಪು ಗೆರೆಯನ್ನು ಎರಡೆರಡು ಸಲ ಎಳೆದೆ. ಅದೂ ಒಪ್ಪಿಗೆಯಾಯಿತು.

ಒಂದು ಬಾಕಿ. ದೀಪಾವಳಿಗೆ ಹದಿನೈದು ದಿನ.

ಸರಿಯಾಗಿ ಆಗಲೇ ಭಾವನವರು ಗೂಡ್ಸ್ ಗಾಡಿ ತಂದು ಬಾಗಿಲಲ್ಲಿ ನಿಲ್ಲಿಸಿದರು. ಗಂಡ ನನ್ನ ಕಾಟ ತಾಳಲಾರದೆ ಪರಶುರಾಂಪುರಕ್ಕೇ ಹೋಗಿ, ನಾಕು ಜನರ ಮುಂದೆ ಅಣ್ಣನ ಮರ್ಯಾದೆ ತೆಗೆದು ಬಂದಿದ್ದರಂತೆ. ನನಗೆ ಹೇಳಿರಲಿಲ್ಲ. ಎರಡು ವರ್ಷ ನಾನು ಬೇಡಿಕೊಂಡ ಗಾಡಿ ಅದು.

“ಈಗಲೇ ಯಾಕೆ ಭಾವ,” ಎಂದೆ. “ಹಬ್ಬ ಕಳೀಲಿ. ಇಲ್ಲೇ ಇರ್ಲಿ ಬಿಡಿ.”

ಭಾವನವರು ಗಂಡನ ಮುಖ ನೋಡಿದರು, ಗಂಡ ನನ್ನ ಮುಖ ನೋಡಿದರು. ಅತ್ತೆ ಮಾತ್ರ ಬೀದಿಯ ಕಡೆ ನೋಡುತ್ತಾ ಕೇಳಿದರು.

“ನಿಂಗೆ ನಾನ್ ಬೇಕೇನವ್ವ, ಮೂರನೇ ಅಂಚು ಬೇಕಾ?”

ನೀವೇ ಬೇಕು ಎನ್ನಬಹುದಿತ್ತು. ಯಾವ ಸೊಸೆಗೂ ಬರುವ ಸುಳ್ಳು ಅದು. ಆದರೆ ಅತ್ತೆಯ ಎದುರು ಆ ಗಳಿಗೆಯಲ್ಲಿ ಸುಳ್ಳು ನಾಲಿಗೆಗೆ ಬರಲಿಲ್ಲ, ನಿಜವೂ ಬರಲಿಲ್ಲ. “ಎತ್ತಪ್ಪ” ಎಂದು ಅತ್ತೆ ಹಿರಿಯ ಮಗನಿಗೆ ಹೇಳಿದರು. ಇಬ್ಬರು ಮಕ್ಕಳೂ ಸೇರಿ ಎತ್ತಿ ಗಾಡಿಯಲ್ಲಿ ಹಾಸಿಗೆ ಹಾಸಿ ಮಲಗಿಸಿದರು. ಗಾಡಿ ಹೋಯಿತು.

ಈಗ ನಾನು ಸ್ವತಂತ್ರಳು. ಮೊಳಕಾಲ್ಮುರಿಗೆ ಹೋಗಿ ತಮ್ಮನ ಮನೆಯಲ್ಲಿ ಎರಡು ದಿನ ಇದ್ದೆ. ಬಸ್ಸು ಹತ್ತಿ ಚಿತ್ರದುರ್ಗದ ಕೋಟೆಗೂ ಹೋಗಿ ಬಂದೆ, ಕಲ್ಲಿನ ಮೇಲೆ ಕೂತು ಹಾಳೆ ಬಿಚ್ಚಿದೆ. ಕೋಟೆ ಚೆನ್ನಾಗಿಯೇ ಇತ್ತು. ನನ್ನ ಕೈಯಿಂದ ಒಂದು ಗೆರೆ ಹೊರಡಲಿಲ್ಲ. ಮನೆಗೆ ಬಂದು ಬಾಗಿಲಲ್ಲಿ ಕೂತೆ. ಆ ಹೆಲ್ಮೆಟ್ಟಿನವನು ಹೋದ, ಕಿವಿಗೆ ಸಿಗಿಸಿಕೊಂಡ ಹುಡುಗಿ ಹೋದಳು, ಆಡು ಹೋಯಿತು. ಎಲ್ಲ ಕಾಣುತ್ತಿತ್ತು, ಯಾವುದೂ ಏನೂ ಅನ್ನಿಸುತ್ತಿರಲಿಲ್ಲ. ಎರಡು ವರ್ಷ ಕಟ್ಟಿಹಾಕಿಸಿಕೊಂಡವಳು ನಾನೊಬ್ಬಳೇ ಎಂದು ಒದ್ದಾಡಿದ್ದೆನಲ್ಲ, ನನಗಾದರೂ ಹಾಲು ತರಲು ಹೋಗುವ ಕಾಲಿತ್ತು. ಅತ್ತೆಗೆ ಇದ್ದದ್ದು ಈ ಬಾಗಿಲಗಲದ ಬೀದಿ ಒಂದೇ. ಅದನ್ನೂ ಅವರು ನನಗೆ ಕೊಟ್ಟಿದ್ದರು.

ಆ ಹದಿನೈದು ದಿನದಲ್ಲಿ ಪರಶುರಾಂಪುರದ ಬಸ್ಸು ಹತ್ತಿದ್ದರೆ ಮೂರನೆಯ ಅಂಚು ಸಿಗುತ್ತಿತ್ತೇನೋ. ಕಾಲು ಎತ್ತಲಿಲ್ಲ. ಅವರ ಪ್ರಶ್ನೆಗೆ ಅದೇ ಉತ್ತರವಾಗಿಬಿಡುತ್ತದೆಂದು ಹೆದರಿದೆ. ದೀಪಾವಳಿ ಬಂತು, ಯಜಮಾನರ ಫೋನೂ ಬಂತು. ಎರಡೇ ಆಗಿದೆ ಎಂದೆ. “ಇರ್ಲಿ ಬಿಡು ತಂಗಿ” ಎಂದರು. ಮೂರನೆಯದನ್ನು ಕಂಪ್ಯೂಟರ್‌ನವನು ಬರೆದ, ಸಂಕ್ರಾಂತಿಯ ಸೀರೆಗಳನ್ನೂ ಅವನಿಗೇ ಒಪ್ಪಿಸಿದರಂತೆ. ತಮ್ಮ ಹೇಳಿದ. ಎರಡು ದಿನ ಅನ್ನ ಸೇರಲಿಲ್ಲ.

ಮುಂದಿನ ಭಾನುವಾರ ಪರಶುರಾಂಪುರಕ್ಕೆ ಹೋದೆ. ಭಾವನವರ ಮನೆಯಲ್ಲಿ ಊಟ ಉಪಚಾರಕ್ಕೆ ಕೊರತೆ ಇರಲಿಲ್ಲ, ಅವರ ಹೆಂಡತಿ ಅಕ್ಕನವರು ಅತ್ತೆಯ ಮೈ ಬಟ್ಟೆ ಶುಚಿಯಾಗಿಯೇ ಇಟ್ಟಿದ್ದರು. ಮಂಚ ಮಾತ್ರ ಒಳಕೋಣೆಯಲ್ಲಿತ್ತು, ಈರುಳ್ಳಿ ಚೀಲಗಳ ಪಕ್ಕ. ಕಿಟಕಿ ಇರಲಿಲ್ಲ. ಅತ್ತೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ನನ್ನ ದನಿ ಕೇಳಿದರೂ ತಿರುಗಲಿಲ್ಲ.

“ಮೂರನೇದು ಕೊಟ್ಯಾ?”

“ಇಲ್ಲ ಅತ್ತೆ. ಬೇರೆಯೋರು ಬರುದ್ರು. ಮುಂದಿಂದೂ ಅವ್ರಿಗೇ ಹೋತು.”

ಅವರ ಮಾತು ಕಡಿಮೆಯಾಗಿತ್ತು, ದನಿಯೂ ಇಳಿದಿತ್ತು.

“ಮತ್ಯಾಕ್ ಬಂದೆ? ಇಲ್ಲಿ ಗ್ವಾಡೆ ಬಿಟ್ರೆ ನಂಗೇನೂ ಕಾಣಾಕಿಲ್ಲ. ನಿಂಗೆ ಕೊಡಾಕೆ ಏನೂ ಇಲ್ಲ.”

ನನ್ನ ಮಾತು ಬಾಯಿಂದ ಹೊರಡುವಾಗಲೇ ನನಗೆ ಗೊತ್ತಿತ್ತು, ನನ್ನ ಕೈಯಾರೆ ನನಗೆ ಬೀಗ ಹಾಕಿಕೊಳ್ಳುತ್ತಿದ್ದೇನೆ ಎಂದು. ಆದರೂ ಅಂದೆ.

“ಕರ್ಕಂಡ್ ಹೋಗಾಕ್ ಬಂದೀನಿ. ನಡೀರಿ ಮನೆಗೆ.”

ಅತ್ತೆ ನಿಧಾನವಾಗಿ ಈ ಕಡೆ ತಿರುಗಿದರು. ನನ್ನ ಮುಖವನ್ನೇ ನೋಡಿದರು. ಎಡಗೈಯಿಂದ ಹಣೆಯ ಮೇಲಿನ ಕೂದಲು ಹಿಂದಕ್ಕೆ ತಳ್ಳಿಕೊಂಡರು.

“ತಲೆ ಬಾಚು ಮೊದ್ಲು,” ಎಂದರು. “ಹಿಂಗೇ ಕರ್ಕಂಡ್ ಹೋಗ್ತೀಯಾ?”