ಅಂಬಕ್ಕಜ್ಜಿಯ ಗರಗದೆಣ್ಣೆ

ಜ್ವರ ಬಂದರೆ ಉಪವಾಸವೇ ಮದ್ದಾಗಿದ್ದ ಕಾಲವದು. ನನಗಾಗ ಎಂಟು ವರ್ಷ. ಮಾಸೂರಿನ ನಮ್ಮ ಮನೆಯಲ್ಲಿ ತಿಂಗಳಿಗೂ ಹೆಚ್ಚು ವಿಷಮಜ್ವರದಿಂದ ಮಲಗಿದ್ದೆ. ಜ್ವರ ಬಿಟ್ಟಿತು, ಕೂದಲೆಲ್ಲ ಉದುರಿಹೋಯಿತು.

ನಾನು ಹೊರಗೆ ಕಾಲಿಡಲೊಲ್ಲೆ. ಗೆಳತಿಯರು ಕುಂಟಾಬಿಲ್ಲೆ ಆಡುವ ಗದ್ದಲ ಕೇಳಿಸಿದರೂ ಅವ್ವನ ಹಳೆಯ ಸೀರೆಯ ತುಂಡನ್ನು ತಲೆಗೆ ಸುತ್ತಿಕೊಂಡು ಹಿತ್ತಿಲಲ್ಲಿ ಕೂತುಬಿಡುತ್ತಿದ್ದೆ. ಅಲ್ಲಿ ಅಂಬಕ್ಕಜ್ಜಿ ಇರುತ್ತಿದ್ದಳು. ಆಕೆ ಅಪ್ಪನ ಸೋದರತ್ತೆ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು, ತಲೆ ಬೋಳಿಸಿಕೊಂಡು, ಕೆಂಪು ಸೆರಗು ಹೊದ್ದು ನಮ್ಮಲ್ಲೇ ಉಳಿದವಳು. ತಿಂಗಳಿಗೊಮ್ಮೆ ಕ್ಷೌರದ ಮಲ್ಲಪ್ಪ ಹಿತ್ತಿಲ ಬಾಗಿಲಿನಿಂದ ಬಂದು ಹೋಗುತ್ತಿದ್ದ.

"ಹಿಂಗ ಅಳಕೋತ ಕುಂತ್ರ ಕೂದ್ಲಾ ಬರತಾವೇನ? ಏಳ್ ಏಳು," ಎಂದಳು ಅಜ್ಜಿ ಒಂದು ದಿನ.

ಬಚ್ಚಲ ನೀರು ಹರಿಯುವಲ್ಲಿ ಭೃಂಗರಾಜದ ಜಾತಿಯ ಗರಗ ಪೊದೆಯಾಗಿ ಹಬ್ಬಿತ್ತು. ಬೇಸಿಗೆಯಲ್ಲೂ ಹಸಿರು ಬಿಡದ ಗಿಡ; ಮೇಲೆ ಅಂಗಿಯ ಗುಂಡಿಯಷ್ಟಗಲದ ಹಳದಿ ಹೂಗಳು. ಗೆಣ್ಣಿರುವ ಕೆಲವು ಟೊಂಗೆ ಮುರಿದು ನನ್ನ ಕೈಗಿತ್ತಳು. "ನಿನ್ನ ಕೂದ್ಲಾ ನೀನ ಬೆಳಸ್ಕೋ. ಇವನ್ನ ಊರಿ, ದಿನಾ ನೀರ್ ಹಾಕು."

ಊರಿದೆ. ಅವು ಚಿಗುರುವವರೆಗೆ ಹಳೆಯ ಪೊದೆಯಿಂದಲೇ ಸೊಪ್ಪು ಕೊಯ್ದೆವು. ಅಜ್ಜಿ ಅದನ್ನು ಒರಳಲ್ಲಿ ರುಬ್ಬಿ, ರಸ ಹಿಂಡಿ, ಕೊಬ್ಬರಿ ಎಣ್ಣೆಗೆ ಹಾಕಿ ಸಣ್ಣ ಉರಿಯಲ್ಲಿ ಕಾಯಿಸುವಳು. ಮೊದಲು ಚಟಚಟ ಸದ್ದು, ಅದು ಅಡಗಿದ ಮೇಲೆ ಮಳೆ ಬಿದ್ದ ಹುಲ್ಲಿನಂಥ ಘಮ. ನಮ್ಮಿಬ್ಬರ ಬೆರಳೂ ಸದಾ ಕಪ್ಪು.

ದಸರೆಯ ಹೊತ್ತಿಗೆ ನೆತ್ತಿ ನುಣುಪು ಬಿಟ್ಟು ಒರಟಾಯಿತು. ಕನ್ನಡಿ ನೋಡಿ ಕುಣಿದೆ, ತಲೆಯ ಬಟ್ಟೆ ಬಿಸಾಡಿ ಓಣಿಗೆ ಓಡಿದೆ.

ಒಂದು ಮಧ್ಯಾಹ್ನ ಎಣ್ಣೆ ತಿಕ್ಕಿಸಿಕೊಳ್ಳುತ್ತ ಕೇಳಿದೆ: "ಅಜ್ಜಿ, ನೀನೂ ಹಚ್ಕೋಬಾರ್ದೇನ? ನಿನಗೂ ಬರತಾವ."

ಆಕೆಯ ಬೆರಳು ನಿಂತವು. ಒಳಗೆ ಅವ್ವ ರೊಟ್ಟಿ ಬಡಿಯುವ ಸದ್ದೂ ನಿಂತಿತು.

"ಬರತಾವ ಕೂಸ. ಬಂದದ್ದನ್ನ ಇರಗೊಡೂದಿಲ್ಲ."

"ಯಾರು?"

ನಾನು ಅಂಗೈಗೆ ಎಣ್ಣೆ ಸುರಿದುಕೊಂಡು, ಅಜ್ಜಿಯ ಸೆರಗು ಸರಿಸಿ, ತಿಕ್ಕಿಯೇಬಿಟ್ಟೆ. ಬೈಯಲಿಲ್ಲ. ಕಣ್ಣು ಮುಚ್ಚಿ ಕೂತಳು.

ಮುಂದಿನ ಸಲ ಮಲ್ಲಪ್ಪ ಬಂದಾಗ ಅಜ್ಜಿ, "ಇನ್ನ ಮ್ಯಾಲ ಬರಬ್ಯಾಡಪಾ," ಎಂದಳು.

"ಯಾಕ್ರಿ ಅವ್ವಾರ, ನನ್ನಿಂದೇನರ ತಪ್ಪಾತ್ರಿ?"

"ನಿನ್ನ ತಪ್ಪಲ್ಲ. ನನಗ ಸಾಕಾಗೇದ."

ಮಾತು ಕೇಳಿ ಹೊರಬಂದ ಅಪ್ಪ ಗಾಬರಿಯಾದ. "ಅತ್ತಿ, ಮಂದಿ ಏನಂದಾರು?"

"ಇಷ್ಟ್ ವರ್ಷ ಮಂದಿ ಅಂದದ್ದನ್ನ ನಾ ಕೇಳೇನಿ. ಇನ್ನ ಸ್ವಲ್ಪ ದಿನ ನೀ ಕೇಳು."

ಅಪ್ಪ ಮಲ್ಲಪ್ಪನ ಕಡೆ ತಿರುಗಿ, "ಚಹಾ ಕುಡದು ಹೋಗು," ಎಂದ. ಅಷ್ಟೇ ಅವನ ಒಪ್ಪಿಗೆ.

ಮಂದಿ ಅಂದರು. ಕೆಲವು ನೆಂಟರು ನಮ್ಮಲ್ಲಿ ನೀರು ಮುಟ್ಟುವುದನ್ನೂ ಬಿಟ್ಟರು. "ಬಡಸೂ ಕೆಲಸ ಕಡಿಮಿ ಆತು," ಎಂದು ಅವ್ವ ನಕ್ಕಳು. ಅಜ್ಜಿಯ ಕೂದಲು ಬಿಡಿಸಿದ ಹತ್ತಿಯ ಹಾಗೆ ಬೆಳ್ಳಗೆ ಬೆಳೆಯಿತು. ಮರುವರ್ಷದ ದೀಪಾವಳಿಗೆ ಅವ್ವ ನಮ್ಮ ಸಾಲಿನಲ್ಲೇ ಆಕೆಗೂ ಮಣೆ ಹಾಕಿ ತಲೆಗೆ ಎಣ್ಣೆ ಒತ್ತಿದಳು. ಮುಂದೆ ಹಲವು ವರ್ಷಗಳ ನಂತರ ಅಜ್ಜಿ ತೀರಿದಾಗ ನಾನೂ ಅವ್ವನೂ ಬಾಚಿ, ಪುಟ್ಟದೊಂದು ತುರುಬು ಕಟ್ಟಿ ಕಳಿಸಿದೆವು.

ಆ ಹಿತ್ತಿಲಿಗೆ ಈಗ ಫರಸಿಕಲ್ಲು ಹಾಸಿದ್ದಾರೆ. ಬಚ್ಚಲ ನೀರು ಯಾವ ಗಿಡಕ್ಕೂ ಸಿಗದೆ ಕೊಳವೆಯಲ್ಲಿ ಹೋಗುತ್ತದೆ. ಹುಡುಕಿದರೆ ಕೆರೆಯಂಚಿನಲ್ಲಿ ಗರಗ ಇನ್ನೂ ಸಿಕ್ಕೀತು. ಸಿಗದಿರುವುದು ಆ ಮಧ್ಯಾಹ್ನಗಳು: ಒಬ್ಬರ ತಲೆ ಇನ್ನೊಬ್ಬರ ತೊಡೆಯ ಮೇಲೆ, ಯಾರಿಗೂ ಎಲ್ಲಿಗೂ ಹೋಗುವ ಅವಸರವಿರಲಿಲ್ಲ.